ಅಮೆರಿಕದ ಅಫ್ಘನ್ ಮತ್ತು ಜಪಾನಿ ಸಮುದಾಯಗಳು: ಆರ್ಥಿಕ, ಸಾಮಾಜಿಕ ಸ್ಥಿತಿಗತಿ

ಏಷ್ಯಾದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ವಲಸೆ ಹೋದ ಜನರಲ್ಲಿ ಜಪಾನಿಗಳದು ತೀರ ಹಳೆಯ ನೆಲೆ, ಅಫ್ಘನ್ನರದು ತೀರ ಹೊಸತು. ವರಮಾನ, ವಿದ್ಯಾಭ್ಯಾಸ, ಸ್ವಂತ ಮನೆ, ರಾಜಕೀಯದಲ್ಲಿ ಸ್ಥಾನ ಎಂದು ಯಾವ ಅಳತೆ ಹಿಡಿದರೂ ಇಬ್ಬರ ನಡುವೆ ದೊಡ್ಡ ಅಂತರ ಕಾಣುತ್ತದೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2019ರಲ್ಲಿ ಜಪಾನಿ ಮೂಲದ ಕುಟುಂಬಗಳ ಮಧ್ಯಾಂಕ ವಾರ್ಷಿಕ ಆದಾಯ ಸುಮಾರು 83,000 ಡಾಲರ್ ಇತ್ತು. ಇದು ಇಡೀ ದೇಶದ ಮಧ್ಯಾಂಕಕ್ಕಿಂತ ಸಾಕಷ್ಟು ಹೆಚ್ಚು. ಅಫ್ಘಾನಿಸ್ತಾನದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರ ಕುಟುಂಬಗಳ ಆದಾಯ ದೇಶದ ಮಧ್ಯಾಂಕಕ್ಕಿಂತ ಬಹಳ ಕೆಳಗಿದೆ. ಅವರಲ್ಲಿ ಬಡತನ ರೇಖೆಯ ಕೆಳಗಿರುವವರ ಪಾಲು ರಾಷ್ಟ್ರೀಯ ಪ್ರಮಾಣದ ಎರಡು ಪಟ್ಟನ್ನೂ ಮೀರುತ್ತದೆ. ಈ ಅಂತರಕ್ಕೆ ಜಪಾನಿಗಳ ಶಿಸ್ತು ಕಾರಣ, ಅಫ್ಘನ್ನರ ಬುಡಕಟ್ಟು ಸ್ವಭಾವ ಕಾರಣ ಎಂದು ಹೇಳಿ ಮುಗಿಸುವ ರೂಢಿಯಿದೆ. ಇತಿಹಾಸದ ಎದುರು ಆ ಮಾತು ನಿಲ್ಲುವುದಿಲ್ಲ. ಯಾರು, ಯಾವ ವರ್ಷ, ಯಾವ ಕಾನೂನಿನ ಅಡಿ, ಕೈಯಲ್ಲಿ ಏನು ಹಿಡಿದು ಬಂದರು, ಬಂದ ಮೇಲೆ ಗಳಿಸಿದ್ದನ್ನು ಉಳಿಸಿಕೊಳ್ಳಲು ಸರ್ಕಾರ ಅವರನ್ನು ಬಿಟ್ಟಿತೇ ಎಂದು ಕೇಳಿದಾಗಲೇ ಈ ಅಂಕಿಗಳಿಗೆ ಅರ್ಥ ಬರುತ್ತದೆ.

ಲೆಕ್ಕದೊಳಗೆ ಯಾರಿದ್ದಾರೆ

ಹೋಲಿಕೆಗೆ ಮೊದಲು ಎರಡೂ ಗುಂಪುಗಳ ಒಳಗನ್ನು ನೋಡಬೇಕು. ಅಮೆರಿಕದ 2020ರ ಜನಗಣತಿಯಲ್ಲಿ ಸುಮಾರು 16 ಲಕ್ಷ ಜನ ತಮ್ಮನ್ನು ಜಪಾನಿ ಮೂಲದವರೆಂದು ಬರೆಸಿದರು. ಇವರಲ್ಲಿ ಕೇವಲ ಜಪಾನಿ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಉಳಿದವರು ಮಿಶ್ರ ಮೂಲದವರು; ಅಜ್ಜಿಯೋ ಮುತ್ತಜ್ಜನೋ ಜಪಾನಿನಿಂದ ಬಂದವರು. ಇಡೀ ಸಮುದಾಯದಲ್ಲಿ ಹೊರದೇಶದಲ್ಲಿ ಹುಟ್ಟಿದವರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಅಂದರೆ ಇಲ್ಲಿ ಅಳೆಯುತ್ತಿರುವುದು ಹೆಚ್ಚಾಗಿ ಮೂರನೆಯ, ನಾಲ್ಕನೆಯ ತಲೆಮಾರಿನ ಅಮೆರಿಕನ್ನರನ್ನು. ಜೊತೆಗೆ ಯುದ್ಧಾನಂತರ ಅಮೆರಿಕನ್ ಸೈನಿಕರನ್ನು ಮದುವೆಯಾಗಿ ಬಂದ ಹೆಂಗಸರಿದ್ದಾರೆ, ಜಪಾನಿ ಕಂಪನಿಗಳು ಕಳುಹಿಸಿದ ಅಧಿಕಾರಿಗಳ ಕುಟುಂಬಗಳಿವೆ.

ಅಫ್ಘನ್ನರ ಲೆಕ್ಕ ಇದಕ್ಕೆ ತಿರುವುಮುರುವು. 2010ರ ಹೊತ್ತಿಗೆ ಅಮೆರಿಕದಲ್ಲಿದ್ದ ಅಫ್ಘಾನಿಸ್ತಾನ ಸಂಜಾತರು ಸುಮಾರು 55,000. 2022ರಲ್ಲಿ ಆ ಸಂಖ್ಯೆ ಸುಮಾರು 1.95 ಲಕ್ಷಕ್ಕೆ ಏರಿತ್ತು. ಬಹುಪಾಲು ಜನ ಬಂದು ಹತ್ತು ವರ್ಷವೂ ಆಗಿರಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮನೆ ಕಟ್ಟಿಸಿಕೊಂಡು ಮೊಮ್ಮಕ್ಕಳನ್ನು ಕಂಡ ಹಿರಿಯರೂ, ನಿನ್ನೆ ಮೊನ್ನೆ ವಿಮಾನ ಇಳಿದ ಕುಟುಂಬವೂ ಒಂದೇ ಸಾಲಿನಲ್ಲಿ ಎಣಿಕೆಯಾಗುತ್ತವೆ. ಜಪಾನಿಗಳಲ್ಲಿ ವಯಸ್ಸಾದವರು ಹೆಚ್ಚು, ಅಫ್ಘನ್ನರಲ್ಲಿ ಮಕ್ಕಳು ಹೆಚ್ಚು. ದುಡಿಯುವವನೊಬ್ಬ, ಉಣ್ಣುವವರು ಏಳು ಮಂದಿ ಇರುವ ಮನೆಯ ತಲಾ ಆದಾಯ ಕಡಿಮೆಯಿರುವುದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕದೊಳಗೆ ಯಾರಿದ್ದಾರೆ ಎಂಬ ಪ್ರಶ್ನೆ ಅಮೆರಿಕದ ಕನ್ನಡಿಗರಿಗೂ ಅನ್ವಯಿಸುತ್ತದೆ. ಭಾರತೀಯ ಮೂಲದ ಕುಟುಂಬಗಳ ಆದಾಯ ಅಲ್ಲಿ ಎಲ್ಲರಿಗಿಂತ ಮೇಲಿರುವುದಕ್ಕೆ ಎಚ್-1ಬಿ ವೀಸಾ ಮೊದಲೇ ಎಂಜಿನಿಯರುಗಳನ್ನು, ವೈದ್ಯರನ್ನು ಆರಿಸಿ ಒಳಬಿಟ್ಟದ್ದು ಬಹುದೊಡ್ಡ ಕಾರಣ. ಅಫ್ಘನ್ ನಿರಾಶ್ರಿತರನ್ನು ಹಾಗೆ ಯಾರೂ ಜರಡಿ ಹಿಡಿಯಲಿಲ್ಲ.

ಕಬ್ಬಿನ ಗದ್ದೆಯಿಂದ ಸ್ಟ್ರಾಬೆರಿ ತೋಟಕ್ಕೆ

ಜಪಾನಿನ ಮೇಜಿ ಸರ್ಕಾರ ಹವಾಯಿಯೊಂದಿಗೆ ಒಪ್ಪಂದ ಮಾಡಿಕೊಂಡು 1885ರಲ್ಲಿ ಸಿಟಿ ಆಫ್ ಟೋಕಿಯೋ ಎಂಬ ಹಡಗಿನಲ್ಲಿ 900ಕ್ಕೂ ಹೆಚ್ಚು ಕೂಲಿಯಾಳುಗಳನ್ನು ಕಬ್ಬಿನ ಗದ್ದೆಯ ದುಡಿಮೆಗೆಂದು ಹೊನೊಲುಲುವಿಗೆ ಕಳುಹಿಸಿತು. ಹಿರೋಶಿಮಾ, ಯಾಮಾಗುಚಿ, ಕುಮಾಮೊಟೊ, ಫುಕುಒಕಾ ಸೀಮೆಗಳ ರೈತಮಕ್ಕಳೇ ಹೆಚ್ಚಾಗಿ ಹೊರಟವರು. ಅತ್ತ ಮುಖ್ಯ ನೆಲದಲ್ಲಿ, 1882ರಲ್ಲಿ ಅಮೆರಿಕ ಚೀನಿಯರಿಗೆ ಬಾಗಿಲು ಮುಚ್ಚಿದ್ದರಿಂದ, ಪಶ್ಚಿಮ ಕರಾವಳಿಯಲ್ಲೂ ಕೂಲಿಗೆ ಜನ ಬೇಕಾಗಿತ್ತು. ಹೊರಟ ಜಪಾನಿಗಳು ಬಡವರಾಗಿದ್ದರೂ ಅನಕ್ಷರಸ್ಥರಾಗಿರಲಿಲ್ಲ. 1872ರಿಂದ ಜಪಾನಿನಲ್ಲಿ ಹಳ್ಳಿಹಳ್ಳಿಗೆ ಶಾಲೆ ತೆರೆಯುವ ಕೆಲಸ ಶುರುವಾಗಿತ್ತು. ಚೀನಿಯರಿಗಾದ ಗತಿ ತನ್ನವರಿಗೆ ಬಾರದಿರಲೆಂದು ಸರ್ಕಾರವೂ ಹೋಗುವವರನ್ನು ನೋಡಿ ಕಳುಹಿಸುತ್ತಿತ್ತು. ತವರಿನಲ್ಲಿ ಗಟ್ಟಿಯಾಗಿ ನಿಂತ ಒಂದು ಸರ್ಕಾರ ಇತ್ತೆಂಬುದು ಈ ಕಥೆಯಲ್ಲಿ ಸಣ್ಣ ಸಂಗತಿಯಲ್ಲ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಶಾಲಾ ಮಂಡಳಿ ಜಪಾನಿ ಮಕ್ಕಳನ್ನು ಬೇರೆ ಶಾಲೆಗೆ ಹಾಕಹೊರಟಾಗ ಟೋಕಿಯೋ ಆಕ್ಷೇಪವೆತ್ತಿತು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನಡುವೆ ಬಂದರು. 1907-08ರ ಒಪ್ಪಂದದಂತೆ ಕೂಲಿಗಳನ್ನು ಕಳುಹಿಸುವುದನ್ನು ಜಪಾನ್ ತಾನಾಗಿ ನಿಲ್ಲಿಸಿತು. ಅಲ್ಲಿದ್ದವರ ಹೆಂಡತಿ ಮಕ್ಕಳು ಬರಲು ಮಾತ್ರ ಅವಕಾಶ ಉಳಿಯಿತು. ಫೋಟೋ ನೋಡಿ ಒಪ್ಪಿ, ಊರಿನಲ್ಲಿಯೇ ಮದುವೆಯ ದಾಖಲೆ ಮಾಡಿಸಿ, ಗಂಡನ ಮುಖವನ್ನು ಬಂದರಿನಲ್ಲಿ ಮೊದಲ ಸಲ ಕಂಡ ಸಾವಿರಾರು ಹೆಣ್ಣುಮಕ್ಕಳು 1920ರವರೆಗೆ ಹೀಗೆ ಬಂದರು. ಒಂಟಿ ಗಂಡಸರ ಬಿಡಾರಗಳು ಕುಟುಂಬಗಳಾದವು, ಅಮೆರಿಕದ ನೆಲದಲ್ಲಿ ಮಕ್ಕಳು ಹುಟ್ಟಿದರು.

ಬ್ಯಾಂಕುಗಳು ಸಾಲ ಕೊಡದ ಆ ಕಾಲದಲ್ಲಿ ಬಂಡವಾಳ ಎಲ್ಲಿಂದ ಬಂತು? ಕನ್ನಡ ಓದುಗರಿಗೆ ಉತ್ತರ ಪರಿಚಿತವಾದದ್ದೇ. ಒಂದೇ ಸೀಮೆಯಿಂದ ಬಂದ ಹತ್ತಿಪ್ಪತ್ತು ಮನೆಯವರು ತಿಂಗಳಿಗೊಮ್ಮೆ ಸೇರಿ ಇಂತಿಷ್ಟು ಹಣ ಹಾಕುವುದು, ಆ ತಿಂಗಳ ಮೊತ್ತವನ್ನು ಒಬ್ಬರು ಎತ್ತುವುದು. ಅವರು ಇದನ್ನು ತಾನೊಮೊಶಿ ಎನ್ನುತ್ತಿದ್ದರು. ನಮ್ಮ ಚೀಟಿ ವ್ಯವಹಾರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎತ್ತಿದ ಹಣ ಗೇಣಿಯ ಮುಂಗಡಕ್ಕೋ, ದಿನಸಿ ಅಂಗಡಿಗೋ, ಬಟ್ಟೆ ಒಗೆಯುವ ಅಂಗಡಿಗೋ ಹೋಗುತ್ತಿತ್ತು. ಜಾಮೀನೆಂದರೆ ಊರಿನ ಹೆಸರು. ಆಯಾ ಸೀಮೆಯ ಹೆಸರಿನ ಸಂಘಗಳೂ, 1899ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಆರಂಭಿಸಿದ ಬೌದ್ಧ ಮಂದಿರವೂ ಈ ನಂಬಿಕೆಯನ್ನು ಕಾದವು.

ಬೆಳೆದದ್ದು ತರಕಾರಿ, ಸ್ಟ್ರಾಬೆರಿ, ಹೂವು. ಬೇರೆಯವರು ಬೇಡವೆಂದು ಬಿಟ್ಟ ಜೌಗು ನೆಲ, ಉಪ್ಪು ನೆಲಗಳನ್ನು ಗೇಣಿಗೆ ಹಿಡಿದು ಹದಗೊಳಿಸಿದರು. ಸ್ಯಾನ್ ವಾಕೀನ್ ನದೀಮುಖದ ಜವುಳು ಪ್ರದೇಶದಲ್ಲಿ ಆಲೂಗೆಡ್ಡೆ ಬೆಳೆದು ಸಾವಿರಾರು ಎಕರೆಯ ಬೇಸಾಯ ನಡೆಸಿದ ಜಾರ್ಜ್ ಶಿಮಾ ಅವರನ್ನು ಪತ್ರಿಕೆಗಳು ಆಲೂಗೆಡ್ಡೆಯ ರಾಜ ಎಂದು ಕರೆದವು. 1940ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮಾರುಕಟ್ಟೆಗೆ ಬರುತ್ತಿದ್ದ ತರಕಾರಿಯಲ್ಲಿ ಮೂರನೇ ಒಂದು ಭಾಗದಷ್ಟು ಜಪಾನಿ ರೈತರದೇ ಆಗಿತ್ತು; ಅವರ ಕೈಯಲ್ಲಿದ್ದ ನೆಲವೋ ರಾಜ್ಯದ ಸಾಗುವಳಿ ಭೂಮಿಯ ತೀರ ಸಣ್ಣ ಪಾಲು.

ಈ ಏಳಿಗೆ ಕಂಡವರ ಕಣ್ಣು ಕೆಂಪಾಯಿತು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಬೇಸಾಯದ ಭೂಮಿ ಕೊಳ್ಳಕೂಡದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. 1920ರಲ್ಲಿ ಗೇಣಿಗೂ ತಡೆ ಹಾಕಿತು. ಜಪಾನಿ ಎಂಬ ಪದ ಆ ಕಾನೂನಿನಲ್ಲಿಲ್ಲ, ಆದರೆ ಗುರಿ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಏಕೆಂದರೆ ಆಗಿನ ಪೌರತ್ವ ಕಾನೂನು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಕೊಡುತ್ತಿತ್ತು. ರೈತರು ಅಲ್ಲೇ ಹುಟ್ಟಿ ಅಮೆರಿಕನ್ ಪೌರರಾಗಿದ್ದ ಮಕ್ಕಳ ಹೆಸರಿಗೆ ಜಮೀನು ಬರೆಸಿದರು. ತೊಟ್ಟಿಲ ಕೂಸು ಹಿಡುವಳಿದಾರ, ಅಪ್ಪ ಅದರ ಆಳು.

ಪೌರತ್ವದ ಮೂರು ಮೊಕದ್ದಮೆಗಳು

ಎರಡು ಸಮುದಾಯಗಳ ಹಾದಿ ಮೊದಲ ಸಲ ಕೂಡುವುದು ನ್ಯಾಯಾಲಯದಲ್ಲಿ. ನಡುವೆ ಭಾರತೀಯನೊಬ್ಬನೂ ನಿಂತಿದ್ದಾನೆ. ತಾಕಾಒ ಒಜಾವಾ ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದವರು, ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಓದಿದವರು, ಮನೆಯಲ್ಲಿ ಮಕ್ಕಳೊಡನೆ ಇಂಗ್ಲಿಷಿನಲ್ಲಿಯೇ ಮಾತಾಡುತ್ತಿದ್ದವರು. 1922ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು: ಬಿಳಿಯರೆಂದರೆ ಕಕೇಶಿಯನ್ ಜನಾಂಗದವರು, ಜಪಾನಿಗಳು ಆ ಜನಾಂಗದವರಲ್ಲ. ಮೂರೇ ತಿಂಗಳಿಗೆ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ತಾನು ಕಕೇಶಿಯನ್ನೇ ಎಂದು ಅದೇ ಕೋರ್ಟಿನ ಮುಂದೆ ವಾದಿಸಿದರು. ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದ್ದ ಮನುಷ್ಯ ಅವರು. ಕೋರ್ಟು ಈ ಸಲ ಜನಾಂಗಶಾಸ್ತ್ರವನ್ನು ಬದಿಗಿಟ್ಟು, ಸಾಮಾನ್ಯ ಜನ ಯಾರನ್ನು ಬಿಳಿಯರೆಂದು ತಿಳಿಯುತ್ತಾರೋ ಅವರೇ ಬಿಳಿಯರು ಎಂದಿತು. ಆ ತೀರ್ಪನ್ನು ಹಿಡಿದು 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯ ಫಿರೋಜ್ ದಿನ್ ಎಂಬ ಅಫ್ಘನ್ನರಿಗೂ ಪೌರತ್ವ ನಿರಾಕರಿಸಿತು.

ಜಪಾನಿನಿಂದ ಬಂದ ಮೊದಲ ತಲೆಮಾರಿನವರಿಗೆ ಪೌರತ್ವದ ಹಕ್ಕು ದೊರೆತದ್ದು 1952ರಲ್ಲಿ. 20ನೇ ವಯಸ್ಸಿಗೆ ಬಂದವರು 70 ದಾಟಿ ಪ್ರಮಾಣ ವಚನ ಸ್ವೀಕರಿಸಿದರು. 1980ರಲ್ಲಿ ಬಂದ ಅಫ್ಘನ್ ನಿರಾಶ್ರಿತ ಕೆಲವೇ ವರ್ಷಗಳಲ್ಲಿ ಪೌರನಾಗಬಹುದಿತ್ತು. ಇದರ ಪರಿಣಾಮ ರಾಜಕೀಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಪಾನಿ ಮೂಲದ ಡೇನಿಯಲ್ ಇನೌಯೆ ಹವಾಯಿಯಿಂದ ಅಮೆರಿಕದ ಸಂಸತ್ತಿಗೆ ಹೋದದ್ದು 1959ರಲ್ಲಿ, ಮೊದಲ ಹಡಗು ಬಂದು 74 ವರ್ಷಗಳಾದ ಮೇಲೆ. ಅಫ್ಘನ್ನರ ದೊಡ್ಡ ವಲಸೆ ಆರಂಭವಾಗಿ ನಾಲ್ಕು ದಶಕ ತುಂಬುವ ಮುನ್ನವೇ, 2018ರಲ್ಲಿ, ಸಫಿಯಾ ವಜೀರ್ ನ್ಯೂ ಹ್ಯಾಂಪ್‌ಶೈರ್ ಶಾಸನಸಭೆಗೂ ಆಯಿಶಾ ವಹಾಬ್ ಹೇವರ್ಡ್ ನಗರಸಭೆಗೂ ಆಯ್ಕೆಯಾದರು. ವಹಾಬ್ 2022ರಲ್ಲಿ ಕ್ಯಾಲಿಫೋರ್ನಿಯಾ ಸೆನೆಟ್ ಸೇರಿದರು. ರಾಜ್ಯ ಶಾಸನಸಭೆಯೂ ಸಂಸತ್ತೂ ಒಂದೇ ತೂಕದವಲ್ಲ, ನಿಜ. ಆದರೂ ಹಿಂದುಳಿದ ಸಮುದಾಯವೆಂದು ಎಣಿಸಲ್ಪಡುವ ಅಫ್ಘನ್ನರು ಇಷ್ಟು ಬೇಗ ಚುನಾವಣೆಗೆ ನಿಂತು ಗೆದ್ದದ್ದು ಗಮನಿಸಬೇಕಾದ ಸಂಗತಿ, ಮತ್ತು ಅದಕ್ಕೆ ಕಾರಣ ಸ್ವಭಾವವಲ್ಲ, ಮತದ ಹಕ್ಕು.

1942: ಗಳಿಸಿದ್ದು ಹೋದ ಬಗೆ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಮರುಭೂಮಿ, ಜೌಗು ಪ್ರದೇಶಗಳ ಹತ್ತು ಶಿಬಿರಗಳಲ್ಲಿ ಮುಳ್ಳುತಂತಿಯೊಳಗೆ ಇಡಲಾಯಿತು. ಮೂರರಲ್ಲಿ ಇಬ್ಬರು ಹುಟ್ಟಿನಿಂದ ಅಮೆರಿಕನ್ ಪೌರರು. ಮೊದಲು ಎಬ್ಬಿಸಿದ್ದು ಸಿಯಾಟಲ್ ಬಳಿಯ ಬೇನ್‌ಬ್ರಿಜ್ ದ್ವೀಪದವರನ್ನು. ಸ್ಟ್ರಾಬೆರಿ ಬೆಳೆಗಾರರೇ ಹೆಚ್ಚಿದ್ದ ಆ ಊರಿಗೆ ಕೊಟ್ಟ ಗಡುವು ಆರು ದಿನ. ಕೈಯಲ್ಲಿ ಹೊರಲಾಗುವಷ್ಟು ಸಾಮಾನು ಮಾತ್ರ ತರಬೇಕು. ಬೀದಿಯಲ್ಲಿ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ ವ್ಯಾಪಾರಿಗಳಿಗೆ ರೆಫ್ರಿಜರೇಟರು, ಹೊಲಿಗೆ ಯಂತ್ರ, ಪಿಯಾನೋಗಳನ್ನು ಕೇಳಿದ ಬೆಲೆಗೆ ಕೊಟ್ಟರು. ಬೆಳೆ ಹೊಲದಲ್ಲಿ ನಿಂತಿತ್ತು. ಶಿಬಿರಗಳು ಸಿದ್ಧವಾಗುವವರೆಗೆ ಹಲವು ಸಾವಿರ ಜನರನ್ನು ಟ್ಯಾನ್‌ಫೊರಾನ್, ಸಾಂಟಾ ಅನಿತಾ ಕುದುರೆ ರೇಸ್ ಮೈದಾನಗಳ ಲಾಯಗಳಲ್ಲಿ, ಮೇಲೆ ಸುಣ್ಣ ಬಳಿದು, ಇಟ್ಟಿದ್ದರು.

ಇದೇ ಜನ ಹವಾಯಿಯಲ್ಲಿ ಸುಮಾರು 1,57,000 ಇದ್ದರು, ಅಲ್ಲಿನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ದಾಳಿ ನಡೆದದ್ದೇ ಅಲ್ಲಿ. ಆದರೂ ಹಿಡಿದಿಟ್ಟದ್ದು ಕೆಲವರನ್ನು ಮಾತ್ರ, ಏಕೆಂದರೆ ಅವರಿಲ್ಲದೆ ದ್ವೀಪದ ಬಂದರು, ತೋಟ ಯಾವುದೂ ನಡೆಯುತ್ತಿರಲಿಲ್ಲ. ಒಂದೇ ನಾಡಿನಿಂದ ಬಂದವರು, ಒಂದೇ ಭಾಷೆಯವರು, ಒಂದೇ ಯುದ್ಧ; ಒಂದು ಕಡೆ ಆಸ್ತಿ ಉಳಿಯಿತು, ಇನ್ನೊಂದು ಕಡೆ ಅಳಿಯಿತು. ಸಂಸ್ಕೃತಿಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಈ ಹೋಲಿಕೆಗೆ ಉತ್ತರ ಹೇಳಬೇಕು.

ಪರಿಹಾರವೆಂದು 1948ರ ಕಾನೂನಿನಡಿ ಜನ ಕೇಳಿದ್ದು ಸುಮಾರು 14.8 ಕೋಟಿ ಡಾಲರ್, ಸಿಕ್ಕಿದ್ದು ಸುಮಾರು 3.7 ಕೋಟಿ. ಅರ್ಥಶಾಸ್ತ್ರಜ್ಞೆ ಏಮಿ ಚಿನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಿಬಿರದಲ್ಲಿದ್ದ ದುಡಿಯುವ ವಯಸ್ಸಿನ ಗಂಡಸರ ಗಳಿಕೆ 25 ವರ್ಷಗಳ ಬಳಿಕವೂ ಶೇ 9ರಿಂದ 13ರಷ್ಟು ಕಡಿಮೆಯಿತ್ತು. ಗೇಣಿ ಜಮೀನು ಕಳೆದುಕೊಂಡು ಮರಳಿದ ಅನೇಕರು ಲಾಸ್ ಏಂಜಲೀಸಿನ ಬಂಗಲೆಗಳಲ್ಲಿ ಹುಲ್ಲು ಕತ್ತರಿಸುವ ಮಾಲಿಗಳಾದರು. ಒಂದು ಹಳೆಯ ಲಾರಿ, ಒಂದು ಹುಲ್ಲು ಕತ್ತರಿಸುವ ಯಂತ್ರ ಇದ್ದರೆ ಶುರು ಮಾಡಬಹುದಾದ ಕಸುಬು ಅದು.

ಹಾಗಿದ್ದೂ 1960ರ ಹೊತ್ತಿಗೆ ಎರಡನೆಯ ತಲೆಮಾರು ಚೇತರಿಸಿಕೊಂಡಿತ್ತು. ಯುದ್ಧಕ್ಕೆ ಮುನ್ನ ಎಂಜಿನಿಯರಿಂಗ್ ಪದವಿ ಪಡೆದವರೂ ಕೆಲಸ ಸಿಗದೆ ಹಣ್ಣಿನಂಗಡಿಯಲ್ಲಿ ಕಿತ್ತಳೆ ಜೋಡಿಸುತ್ತಿದ್ದರು. ಯುದ್ಧದ ನಂತರ ಕ್ಯಾಲಿಫೋರ್ನಿಯಾದ ಕೈಗಾರಿಕೆ ಉಬ್ಬಿದಾಗ ಅದೇ ಪದವಿಗೆ ಬೆಲೆ ಬಂತು. ಯೂರೋಪಿನ ರಣರಂಗದಲ್ಲಿ ಹೋರಾಡಿದ, ಜಪಾನಿ ಮೂಲದವರ 442ನೇ ದಳದ ಸೈನಿಕರಿಗೆ ಸರ್ಕಾರದ ಖರ್ಚಿನಲ್ಲಿ ಓದುವ ಅವಕಾಶ ದೊರೆಯಿತು. 1966ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಜಪಾನಿ ಅಮೆರಿಕನ್ನರ ಯಶಸ್ಸನ್ನು ಹೊಗಳಿ ಲೇಖನ ಬರೆದರು. ಮಾದರಿ ಅಲ್ಪಸಂಖ್ಯಾತರು ಎಂಬ ಕಲ್ಪನೆ ಬೇರೂರಿದ್ದು ಅಲ್ಲಿಂದ. ಕರಿಯರ ನಾಗರಿಕ ಹಕ್ಕುಗಳ ಹೋರಾಟ ಉತ್ತುಂಗದಲ್ಲಿದ್ದ ಆ ವರ್ಷಗಳಲ್ಲಿ ಈ ಹೊಗಳಿಕೆ ಬೇರೆಯವರನ್ನು ಹಳಿಯುವ ಕೋಲಾಗಿಯೂ ಬಳಕೆಯಾಯಿತು. ಸರ್ಕಾರ ಕ್ಷಮೆ ಕೇಳಿ, ಬದುಕುಳಿದಿದ್ದ ಸುಮಾರು 82,000 ಮಂದಿಗೆ ತಲಾ 20,000 ಡಾಲರ್ ಕೊಡಲು ಒಪ್ಪಿದ್ದು 1988ರ ಕಾನೂನಿನಿಂದ. ಅಷ್ಟರಲ್ಲಿ ಮೊದಲ ತಲೆಮಾರಿನ ಬಹುಪಾಲು ಜನ ತೀರಿಕೊಂಡಿದ್ದರು.

ಅಫ್ಘನ್ನರು: ಮೂರು ಅಲೆಗಳು

1978ರ ಏಪ್ರಿಲಿನಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು, 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ನುಗ್ಗಿತು. ಲಕ್ಷಗಟ್ಟಲೆ ಜನ ಪಾಕಿಸ್ತಾನಕ್ಕೂ ಇರಾನಿಗೂ ಓಡಿದರು. ಅಮೆರಿಕ ತಲುಪಿದವರು ಅವರಲ್ಲಿ ಅತ್ಯಲ್ಪ: ರಾಜತಾಂತ್ರಿಕರು, ಪ್ರಾಧ್ಯಾಪಕರು, ವೈದ್ಯರು, ಸರ್ಕಾರಿ ಅಧಿಕಾರಿಗಳು. ಕಾದಂಬರಿಕಾರ ಖಾಲಿದ್ ಹೊಸೇನಿಯವರ ತಂದೆ ಪ್ಯಾರಿಸಿನ ರಾಯಭಾರ ಕಚೇರಿಯಲ್ಲಿದ್ದವರು. 1980ರಲ್ಲಿ ಕುಟುಂಬ ಸ್ಯಾನ್ ಹೋಸೆಗೆ ಬಂದಾಗ ಸ್ವಲ್ಪ ಕಾಲ ಸರ್ಕಾರದ ನೆರವಿನಲ್ಲಿ ಬದುಕಬೇಕಾಯಿತು. ಮಗ ವೈದ್ಯನಾದ, ಆಮೇಲೆ ಲೇಖಕನಾದ. ಈ ಅಲೆಯ ಬಹುಪಾಲು ಕುಟುಂಬಗಳ ಕಥೆ ಇದೇ ದಾರಿಯದು. ಕಾಬೂಲಿನ ಪದವಿಗೆ ಅಮೆರಿಕದಲ್ಲಿ ಮಾನ್ಯತೆ ಇರಲಿಲ್ಲ. ಎಂಜಿನಿಯರು ಟ್ಯಾಕ್ಸಿ ಹಿಡಿದ, ಅಧ್ಯಾಪಕಿ ಅಂಗಡಿಯಲ್ಲಿ ನಿಂತಳು, ಮಕ್ಕಳು ಓದಿದರು. ಯುದ್ಧಪೂರ್ವದಲ್ಲಿ ಕಿತ್ತಳೆ ಜೋಡಿಸುತ್ತಿದ್ದ ಜಪಾನಿ ಪದವೀಧರರ ಪಾಡಿಗೂ ಇದಕ್ಕೂ ದೂರವಿಲ್ಲ.

ಫ್ರೀಮಾಂಟ್ ನಗರದ ಸೆಂಟರ್‌ವಿಲ್ ಬಡಾವಣೆಗೆ ಪುಟ್ಟ ಕಾಬೂಲ್ ಎಂಬ ಹೆಸರು ಬಂದದ್ದು ಈ ಕಾಲದಲ್ಲಿ. ಉದ್ದನೆಯ ನಾನ್ ರೊಟ್ಟಿ ಸುಡುವ ಬೇಕರಿ, ಹಲಾಲ್ ಮಾಂಸದಂಗಡಿ, ಕಬಾಬ್ ಹೋಟೆಲು, ಮದುವೆಯ ಉಡುಪು ಹೊಲಿಯುವ ಅಂಗಡಿ. ವಾರಾಂತ್ಯದಲ್ಲಿ ಸ್ಯಾನ್ ಹೋಸೆಯ ಹಳೆ ಸಾಮಾನಿನ ಸಂತೆಯಲ್ಲಿ ಮಳಿಗೆ ಹಾಕಿ, ವಾರವಿಡೀ ಕೊಂಡು ತಂದ ವಸ್ತುಗಳನ್ನು ಮಾರಿ ಸಂಸಾರ ತೂಗಿಸಿದವರು ಬಹಳ ಮಂದಿ. ನ್ಯೂಯಾರ್ಕಿನಲ್ಲಿ ಅಫ್ಘನ್ನರು ಹಿಡಿದ ದಾರಿ ಬೇರೆ. ದೊಡ್ಡ ಕಂಪನಿಗಳು ಕಾಲಿಡಲು ಹೆದರುತ್ತಿದ್ದ ಬಡಾವಣೆಗಳಲ್ಲಿ ಕರಿದ ಕೋಳಿಯ ಅಂಗಡಿ ತೆರೆದರು. ಒಬ್ಬ ಅಂಗಡಿ ನಿಲ್ಲಿಸಿದ ಮೇಲೆ ಅವನ ಬಳಿ ಕೆಲಸ ಕಲಿತ ನೆಂಟ ಮುಂದಿನ ಬೀದಿಯಲ್ಲಿ ಇನ್ನೊಂದನ್ನು ತೆರೆಯುವುದು, ಹೀಗೆ ಆ ವ್ಯಾಪಾರ ಪೂರ್ವ ಕರಾವಳಿಯ ಬೇರೆ ನಗರಗಳಿಗೂ ಹಬ್ಬಿತು. ಬ್ಯಾಂಕಿಗಿಂತ ಬಂಧುವಿನ ಮಾತೇ ಇಲ್ಲಿಯೂ ಬಂಡವಾಳ.

ಎರಡನೆಯ ಅಲೆ ವಿಶೇಷ ವಲಸೆ ವೀಸಾದ್ದು. ಅಮೆರಿಕದ ಸೇನೆಗೆ ದುಭಾಷಿಗಳಾಗಿ, ನೌಕರರಾಗಿ ದುಡಿದು ಜೀವಭಯಕ್ಕೆ ಸಿಕ್ಕವರಿಗೆಂದು 2006ರಲ್ಲಿ ಆರಂಭವಾದ ಈ ವೀಸಾ 2009ರ ಕಾನೂನಿನಿಂದ ವಿಸ್ತಾರಗೊಂಡಿತು. ಸ್ಯಾಕ್ರಮೆಂಟೊ ಮತ್ತು ವರ್ಜೀನಿಯಾದ ಉತ್ತರ ಭಾಗ ಇವರ ಮುಖ್ಯ ನೆಲೆಗಳು. ವಿಮಾನ ಇಳಿದ ಕೂಡಲೇ ಗ್ರೀನ್ ಕಾರ್ಡ್ ಸಿಗುತ್ತಿತ್ತು, ಗಂಡಸರಿಗೆ ಇಂಗ್ಲಿಷ್ ಬರುತ್ತಿತ್ತು.

ಮೂರನೆಯದು 2021ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ ಬಂದದ್ದು. ಸುಮಾರು 76,000 ಜನ ಕೆಲವೇ ತಿಂಗಳಲ್ಲಿ ಅಮೆರಿಕ ತಲುಪಿದರು. ಎಂಟು ಸೇನಾ ನೆಲೆಗಳಲ್ಲಿ ಅವರಿಗೆ ತಾತ್ಕಾಲಿಕ ವಸತಿ ಮಾಡಲಾಯಿತು. ಅವುಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಫೋರ್ಟ್ ಮಕಾಯ್ ಒಂದು; 12,000ಕ್ಕೂ ಹೆಚ್ಚು ಅಫ್ಘನ್ನರು ಅಲ್ಲಿ ಕೆಲ ಕಾಲ ತಂಗಿದ್ದರು. 1942ರಲ್ಲಿ ಇದೇ ನೆಲೆಯಲ್ಲಿ ಶತ್ರುದೇಶದವರೆಂದು ಹಿಡಿದ ಜಪಾನಿಗಳನ್ನು ಕೂಡಿಹಾಕಿದ್ದರು. ಅದೇ ವರ್ಷ ಅದೇ ನೆಲೆಯಲ್ಲಿ ಹವಾಯಿಯ ಜಪಾನಿ ಮೂಲದ ಯುವಕರ 100ನೇ ಪದಾತಿ ದಳ ಅಮೆರಿಕದ ಪರವಾಗಿ ಹೋರಾಡಲು ತರಬೇತಿ ಪಡೆಯುತ್ತಿತ್ತು.

ನೆಲೆ ಬಿಟ್ಟು ಹೊರಟವರಿಗೆ ಪುನರ್ವಸತಿ ಸಂಸ್ಥೆಗಳು ಮೊದಲ 90 ದಿನ ನೆರವಾದವು. ಅದಕ್ಕಾಗಿ ಸರ್ಕಾರ ಸಂಸ್ಥೆಗೆ ಕೊಡುತ್ತಿದ್ದುದು ತಲೆಗೆ 2,275 ಡಾಲರ್; ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕುಟುಂಬದ ನೇರ ಖರ್ಚಿಗೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಬಾಡಿಗೆಗೆ ಈ ಹಣ ಎಷ್ಟರಮಟ್ಟಿಗೆ ಸಾಲುತ್ತದೆಂದು ಅಲ್ಲಿ ಮನೆ ಹುಡುಕಿದ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಇನ್ನೂ ದೊಡ್ಡ ತೊಡಕು ಕಾಗದದ್ದು. ಬಹುತೇಕರು ಬಂದದ್ದು ಮಾನವೀಯ ಪೆರೋಲ್ ಎಂಬ ಎರಡು ವರ್ಷದ ತಾತ್ಕಾಲಿಕ ಅನುಮತಿಯ ಮೇಲೆ. ಅವರಿಗೆ ಕಾಯಂ ನೆಲೆ ಕೊಡಬೇಕೆಂಬ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾದರೂ ಕಾನೂನಾಗಲಿಲ್ಲ. 2022ರಲ್ಲಿ ಕೊಟ್ಟ ತಾತ್ಕಾಲಿಕ ರಕ್ಷಣೆ 2025ರ ಜುಲೈನಲ್ಲಿ ಕೊನೆಗೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಇಬ್ಬರು ನ್ಯಾಷನಲ್ ಗಾರ್ಡ್ ಸೈನಿಕರ ಮೇಲೆ ಗುಂಡು ಹಾರಿಸಿದ ಆರೋಪ ಒಬ್ಬ ಅಫ್ಘನ್ನನ ಮೇಲೆ ಬಂದಾಗ, ಸರ್ಕಾರ ಎಲ್ಲ ಅಫ್ಘನ್ನರ ವಲಸೆ ಅರ್ಜಿಗಳ ಪರಿಶೀಲನೆಯನ್ನೇ ತಡೆಹಿಡಿಯಿತು. ನಾಳೆ ಇಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವನು ಅಂಗಡಿಗೆ ಐದು ವರ್ಷದ ಕರಾರು ಬರೆದುಕೊಡಲಾರ, ನರ್ಸಿಂಗ್ ಓದಲು ಸಾಲ ಮಾಡಲಾರ. ಕೆಲಸ ಕೊಡುವ ಮಾಲಕ ಕೂಡ ಹಿಂದೆಮುಂದೆ ನೋಡುತ್ತಾನೆ. ಅಂಕಿಅಂಶಗಳಲ್ಲಿ ಕಡಿಮೆ ಆದಾಯವೆಂದು ಕಾಣುವುದರಲ್ಲಿ ಈ ಅನಿಶ್ಚಿತತೆಯ ಪಾಲು ದೊಡ್ಡದು.

ಮನೆಯೊಳಗೆ

ಹೆಂಗಸರ ದುಡಿಮೆಯಲ್ಲಿ ಅಂತರ ಬಹಳ. ಫೋಟೋ ಮದುವೆಯಾಗಿ ಬಂದ ಜಪಾನಿ ಹೆಂಗಸರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಲದಲ್ಲಿ ದುಡಿದರು. ಮನೆ ಮತ್ತು ದುಡಿಮೆ ಒಂದೇ ಜಾಗದಲ್ಲಿತ್ತು. ಇಂದು ಸ್ಯಾಕ್ರಮೆಂಟೊದ ಅಪಾರ್ಟ್‌ಮೆಂಟಿನಲ್ಲಿರುವ ಅಫ್ಘನ್ ತಾಯಿಗೆ ಕೆಲಸಕ್ಕೆ ಹೋಗಬೇಕಾದರೆ ಇಂಗ್ಲಿಷ್ ಬೇಕು, ಕಾರು ಓಡಿಸಲು ಬರಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು. 1996ರಿಂದ 2001ರವರೆಗೆ ತಾಲಿಬಾನ್ ಹೆಣ್ಣುಮಕ್ಕಳ ಶಾಲೆಗೆ ಬೀಗ ಹಾಕಿತ್ತು; 2021ರ ನಂತರ ಅವರ ಪ್ರೌಢಶಾಲೆಗಳಿಗೆ ಮತ್ತೆ ಬೀಗ ಹಾಕಿದೆ. ಯುದ್ಧದಲ್ಲಿ ಹಳ್ಳಿಗಳ ಶಾಲೆಗಳೇ ಉಳಿಯಲಿಲ್ಲ. ಆದ್ದರಿಂದ ಗಂಡ ಸೇನೆಯ ದುಭಾಷಿ, ಹೆಂಡತಿಗೆ ದರಿ ಭಾಷೆಯಲ್ಲೂ ಓದು ಬಾರದು ಎಂಬ ಸಂಸಾರಗಳು ಕಡಿಮೆಯಲ್ಲ. ಇಂಥ ಕುಟುಂಬಗಳ ಹೆಣ್ಣುಮಕ್ಕಳು ಅಮೆರಿಕದಲ್ಲಿ ಕಾಲೇಜಿಗೆ ಹೋಗುತ್ತಿದ್ದಾರೆ. ಒಂದೇ ತಲೆಮಾರಿನಲ್ಲಿ ಇಷ್ಟು ದೂರ ಕ್ರಮಿಸುವುದು ಸುಲಭದ ಮಾತಲ್ಲ, ಮನೆಯೊಳಗೆ ಜಗಳವಿಲ್ಲದೆ ಆಗುವುದೂ ಅಲ್ಲ.

ಜಪಾನಿ ಸಮುದಾಯದ ಮೂರನೆಯ ತಲೆಮಾರಿನಿಂದ ಹೊರಗಿನ ಮದುವೆ ಸಾಮಾನ್ಯವಾಯಿತು. ಭಾಷೆ ಬಹುಮಟ್ಟಿಗೆ ಹೋಯಿತು. ಹಳೆಯ ಜಪಾನಿ ಕೇರಿಗಳು ಶಿಬಿರಗಳ ಕಾಲದಲ್ಲಿ ಒಮ್ಮೆ, ನಗರಾಭಿವೃದ್ಧಿಯ ಹೆಸರಿನಲ್ಲಿ ಇನ್ನೊಮ್ಮೆ ಒಡೆದವು. ಅಧಿಕೃತವಾಗಿ ಉಳಿದಿರುವುದು ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ, ಲಾಸ್ ಏಂಜಲೀಸ್ ಎಂಬ ಮೂರು ಕಡೆ. ಆದಾಯದ ಪಟ್ಟಿಯಲ್ಲಿ ಇದು ನಷ್ಟವೆಂದು ಎಲ್ಲಿಯೂ ದಾಖಲಾಗುವುದಿಲ್ಲ. ಅಫ್ಘನ್ನರಲ್ಲಿ ಪಶ್ತೂನ್, ತಾಜಿಕ್, ಹಜಾರಾ, ಉಜ್ಬೆಕ್ ಎಂಬ ಭೇದಗಳಿದ್ದರೂ ಭಾಷೆ, ಮಸೀದಿ, ಮದುವೆಯ ನೆಂಟಸ್ತಿಕೆಗಳು ಗಟ್ಟಿಯಾಗಿವೆ.

ನುಂಗಿಕೊಂಡ ನೋವು ಎರಡು ಸಮುದಾಯಗಳನ್ನು ಹತ್ತಿರ ತಂದಿತು. ಶಿಬಿರ ಕಂಡವರು ದಶಕಗಳ ಕಾಲ ಮಕ್ಕಳೆದುರು ಆ ಮಾತೆತ್ತಲಿಲ್ಲ. 1969ರಲ್ಲಿ ಮೊಮ್ಮಕ್ಕಳು ಮಂಜನಾರ್ ಶಿಬಿರದ ಜಾಗಕ್ಕೆ ಯಾತ್ರೆ ಹೊರಟ ಮೇಲೆ ಬಾಯಿ ಬಿಡತೊಡಗಿದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಫ್ಘನ್ನರ ಮೇಲೆ, ಮುಸ್ಲಿಮರ ಮೇಲೆ ಜನ ಕೆರಳಿದಾಗ ಮೊದಲು ಜೊತೆ ನಿಂತವರಲ್ಲಿ ಜಪಾನಿ ಅಮೆರಿಕನ್ನರಿದ್ದರು. ಆಗ ಸಾರಿಗೆ ಸಚಿವರಾಗಿದ್ದ ನಾರ್ಮನ್ ಮಿನೆಟಾ ಬಾಲ್ಯದಲ್ಲಿ ಹಾರ್ಟ್ ಮೌಂಟನ್ ಶಿಬಿರದಲ್ಲಿದ್ದವರು; ಮುಖ, ಧರ್ಮ ನೋಡಿ ಪ್ರಯಾಣಿಕರನ್ನು ತಡೆಯಕೂಡದೆಂದು ವಿಮಾನ ಸಂಸ್ಥೆಗಳಿಗೆ ಅವರ ಇಲಾಖೆ ಸೂಚನೆ ಕಳುಹಿಸಿತು.

ಜಪಾನಿನಲ್ಲಿರುವ ಅಫ್ಘನ್ನರು

ಈ ಎರಡು ಜನರ ಹಾದಿ ಅಮೆರಿಕದ ಹೊರಗೂ ಕೂಡುತ್ತದೆ. ಜಪಾನಿನಲ್ಲಿಯೇ ನೆಲೆಸಿರುವ ಅಫ್ಘನ್ನರು ಕೆಲವೇ ಸಾವಿರ. ಟೋಕಿಯೋ ಪಕ್ಕದ ಚಿಬಾ ಪ್ರಾಂತ್ಯದಲ್ಲಿ, ಅದರಲ್ಲೂ ಯೊತ್ಸುಕಾಯ್ದೊ ಪಟ್ಟಣದ ಸುತ್ತ, ಹಳೆಯ ಕಾರುಗಳನ್ನು ಕೊಂಡು ಬಿಚ್ಚಿ, ಎಂಜಿನ್ನು, ಬಾಗಿಲು, ಬಿಡಿಭಾಗಗಳನ್ನು ಕಂಟೇನರಿಗೆ ತುಂಬಿ ಹೊರದೇಶಕ್ಕೆ ಕಳುಹಿಸುವ ವ್ಯಾಪಾರ ಇವರದು. ತಗಡಿನ ಬೇಲಿ ಹಾಕಿದ ಈ ಅಂಗಳಗಳನ್ನು ಅಲ್ಲಿ ಯಾರ್ಡ್ ಎನ್ನುತ್ತಾರೆ. ಸ್ಥಳೀಯ ಶಾಲೆಗಳಲ್ಲಿ ಅಫ್ಘನ್ ಮಕ್ಕಳಿಗೆ ಜಪಾನಿ ಭಾಷೆ ಹೇಳಿಕೊಡುವುದು ಶಿಕ್ಷಕರಿಗೆ ನಿತ್ಯದ ಕೆಲಸವಾಗಿದೆ. ಜಪಾನ್ ನಿರಾಶ್ರಿತರ ಒಪ್ಪಂದಕ್ಕೆ 1981ರಲ್ಲಿ ಸೇರಿದರೂ ಮಾನ್ಯತೆ ನೀಡುವುದರಲ್ಲಿ ಬಿಗಿಮುಷ್ಟಿ. 2022ರಲ್ಲಿ ಮಾನ್ಯತೆ ಸಿಕ್ಕವರು ಒಟ್ಟು 202, ಅದರಲ್ಲಿ 147 ಅಫ್ಘನ್ನರು. 2023ರಲ್ಲಿ 303ರಲ್ಲಿ 237. ಜಪಾನಿನ ರಾಯಭಾರ ಕಚೇರಿಯಲ್ಲೋ ನೆರವು ಸಂಸ್ಥೆಯಲ್ಲೋ ದುಡಿದವರು, ಅವರ ಮನೆಮಂದಿ ಇವರಲ್ಲಿ ಹೆಚ್ಚು.

ಅಫ್ಘನ್ನರಿಗೆ ಜಪಾನಿನ ಮೇಲಿರುವ ಗೌರವಕ್ಕೆ ತೆತ್ಸು ನಕಮುರಾ ಅವರ ಹೆಸರು ಬೆಸೆದುಕೊಂಡಿದೆ. 1984ರಲ್ಲಿ ಪಾಕಿಸ್ತಾನದ ಪೆಶಾವರಕ್ಕೆ ಕುಷ್ಠರೋಗದ ವೈದ್ಯರಾಗಿ ಹೋದ ಇವರು ಬರಗಾಲ ಕಂಡು, ಔಷಧಿಗಿಂತ ನೀರು ಮೊದಲೆಂದು 2003ರಿಂದ ಅಫ್ಘಾನಿಸ್ತಾನದ ಕುನಾರ್ ನದಿಯಿಂದ ಸುಮಾರು 25 ಕಿಲೋಮೀಟರ್ ನಾಲೆ ತೋಡಿಸಿದರು. ಅವರ ಕಾಮಗಾರಿಗಳಿಂದ ಸುಮಾರು 16,000 ಹೆಕ್ಟೇರ್ ಹಸಿರಾಯಿತು. ಫುಕುಒಕಾದ ಹಳೆಯ ಯಮದಾ ಅಣೆಕಟ್ಟೆಯ ಮಾದರಿಯಲ್ಲಿ ಓರೆಯಾಗಿ ಬಂಡೆ ಜೋಡಿಸಿದ ಒಡ್ಡು, ತಂತಿಬುಟ್ಟಿಗೆ ಕಲ್ಲು ತುಂಬಿ ಕಟ್ಟಿದ ದಂಡೆ, ಮಣ್ಣು ಹಿಡಿಯಲು ನೆಟ್ಟ ವಿಲ್ಲೋ ಗಿಡ. ಕೆಟ್ಟರೆ ಊರಿನವರೇ ಸರಿಪಡಿಸಿಕೊಳ್ಳಬಹುದಾದ ಕೆಲಸ. 2019ರ ಡಿಸೆಂಬರ್ 4ರಂದು ಜಲಾಲಾಬಾದಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಇತ್ತ ಚಿಬಾದ ಯಾರ್ಡ್ ಮಾಲಕರು ಸಾಮಾನ್ಯವಾಗಿ ಅವಲಂಬಿಸುವುದು ವ್ಯಾಪಾರ ನಿರ್ವಹಣೆಯ ವೀಸಾವನ್ನು. ಅದಕ್ಕೆ ತೋರಿಸಬೇಕಾದ ಬಂಡವಾಳವನ್ನು ಜಪಾನ್ ಸರ್ಕಾರ 2025ರ ಅಕ್ಟೋಬರಿನಲ್ಲಿ 50 ಲಕ್ಷ ಯೆನ್‌ನಿಂದ 3 ಕೋಟಿ ಯೆನ್‌ಗೆ ಏರಿಸಿದೆ. ಈಗಾಗಲೇ ವೀಸಾ ಇರುವವರಿಗೆ ಹೊಸ ಷರತ್ತು ಪೂರೈಸಲು ಮೂರು ವರ್ಷ ಕಾಲಾವಕಾಶವಿದೆ.